ನಾಡಿ ಎಣಿಸುವ ಕೈಗಡಿಯಾರಕ್ಕೆ, ಹತ್ತರಗಿ ರಸ್ತೆಯಿಂದ

ಎಡಮಣಿಕಟ್ಟನ್ನು ಅಲಂಕರಿಸಿರುವ ಮಾನ್ಯರೇ,

ಮದುವೆಯಾದಂದಿನಿಂದ ನನ್ನ ಎದೆಯ ಬಗ್ಗೆ ಯಾರೂ ತೋರಿಸದ ಕುತೂಹಲವನ್ನು ಹಗಲಿರುಳೂ ತೋರಿಸುತ್ತಿರುವ ತಮಗೆ ಸಾಷ್ಟಾಂಗ ನಮಸ್ಕಾರಗಳು.

ಐವತ್ತೆರಡು ವಯಸ್ಸಿನ ನನ್ನ ಎದೆ ದಿನಕ್ಕೆ ಅರ್ಧ ತಾಸಾದರೂ ನಿಮಿಷಕ್ಕೆ ನೂರಹತ್ತರ ಆಸುಪಾಸು ಬಡಿಯುವಂತೆ ಬಿರುಸಾಗಿ ನಡೆಯಬೇಕು, ಇಲ್ಲದಿದ್ದರೆ ಸ್ಟೆಂಟಿನ ಮಾತು ತೆಗೆಯಬೇಕಾದೀತು ಎಂದು ಗೋಕಾಕದ ಡಾಕ್ಟರು ಹೇಳಿದ ವಾರವೇ, ಮೂಡಲಗಿಯ ಅಳಿಯ ತಮ್ಮನ್ನು ತಂದು ನನ್ನ ಕೈಗೆ ಕಟ್ಟಿದ್ದು ತಮಗೆ ನೆನಪಿರಬಹುದು.

ಆದರೆ ನಮ್ಮ ಕಡೆ ಒಬ್ಬ ರಸ್ತೆ ಬದಿಯಲ್ಲಿ ನಡೆಯುತ್ತಿದ್ದರೆ ಅವನ ಗಾಡಿ ಕೆಟ್ಟಿದೆ ಎಂದೇ ಅರ್ಥ. ಕಂಡೂ ನಿಲ್ಲಿಸದವನು ಸಂಬಂಧ ಕಡಿದುಕೊಂಡವ, ಕರೆದರೂ ಹತ್ತದವನು ಸೊಕ್ಕಿನವ. ದಿನಾ ಕಣಗಲಾಕ್ಕೆ ಕೆಲಸಕ್ಕೆ ಹೋಗುವ ಪಕ್ಕದ ಮನೆಯ ದುಂಡೇಶ, “ಹತ್ರಿ ಕಾಕಾ, ನಾ ಇರೂತನಾ ನೀವು ನಡಕೋತ ಹೋದ್ರ ಮಂದಿ ಏನಂತಾರ?” ಎಂದು ಬೈಕು ನಿಲ್ಲಿಸುತ್ತಾನೆ. ಎದೆಗಾಗಿ ನಡೆಯುತ್ತಿದ್ದೇನೆ ಎಂದರೆ, “ಎದಿ ಸರಿ ಇಲ್ಲಂದ್ರ ಮತ್ತ ಯಾಕ ನಡೀತೀರಿ? ಹತ್ರಿ!” ಎನ್ನುತ್ತಾನೆ.

ಹತ್ತುತ್ತೇನೆ. ಹೆದ್ದಾರಿಯಲ್ಲಿ ಎರಡು ಕಬ್ಬಿನ ಲಾರಿಗಳ ನಡುವೆ ನುಗ್ಗುತ್ತಾ ಅವನು ಹಿಂದೆ ತಿರುಗಿ ನನ್ನ ಕ್ಷೇಮ ವಿಚಾರಿಸುವಾಗ ಎದೆ ನೂರಹದಿನೈದು ದಾಟುತ್ತದೆ, ತಾವು ಪುಳಕಗೊಂಡು ಅದುರಿ ‘ಅಭಿನಂದನೆಗಳು, ಗುರಿ ಮುಟ್ಟಿದ್ದೀರಿ’ ಎನ್ನುತ್ತೀರಿ. ತಾವು ಬರೆದಿಟ್ಟ ನಾಡಿಯ ಗೆರೆಗಳನ್ನು ನೋಡಿದ ಡಾಕ್ಟರು “ಭಾಳ ಚಲೋ ನಡದೀರಿ, ಬಿಡಬ್ಯಾಡ್ರಿ” ಎಂದು ಬೆನ್ನು ತಟ್ಟಿದರು. ಆ ಸಂತೋಷಕ್ಕೆ ನನ್ನ ಮನೆಯವಳು ದಾಕ್ಷಾಯಿಣಿ ತುಪ್ಪ ಸುರಿದು ಹೋಳಿಗೆ ಬಡಿಸಿದಳು.

ಒಳಗೆ ನನ್ನ ಎದೆ ಮಾತ್ರ ಮೊದಲಿನಷ್ಟೇ ಸೋಮಾರಿ. ಮುಂದಿನ ತಿಂಗಳು ಡಾಕ್ಟರು ಎದೆ ಪರೀಕ್ಷೆಗೆ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನನ್ನನ್ನು ನಿಲ್ಲಿಸುವಾಗ ಅಲ್ಲಿಗೆ ದುಂಡೇಶನ ಬೈಕು ಬರುವುದಿಲ್ಲ.

ಆದ್ದರಿಂದ ಸರ್ವಜ್ಞರಾದ ತಾವು, ನನ್ನ ಹೆದರಿಕೆಯನ್ನು ವ್ಯಾಯಾಮವೆಂದು ನಂಬಿದ ಹಾಗೆಯೇ ನನ್ನ ರಕ್ತನಾಳಗಳನ್ನೂ ನಂಬಿಸಬೇಕು. ಅದಾಗದಿದ್ದರೆ ಬೈಕು ಹತ್ತಿರ ಬಂದಾಗಲೆಲ್ಲ “ಇವ್ರು ನಡಿಯಾಕತ್ತಾರ, ಮುಂದ ಹೋಗ್ರಿ” ಎಂದು ಕೈಯಿಂದಲೇ ಕೂಗಬೇಕು.

ಹಿಂದಿನ ಸೀಟಿನಿಂದ,
ತಮ್ಮ ವಿಶ್ವಾಸಿ,
ಬಸವಲಿಂಗ

ತಾ.ಕ.: ನಿನ್ನೆ ತಮ್ಮನ್ನು ದುಂಡೇಶನ ಕೈಗೆ ಕಟ್ಟಿ, ಅವನನ್ನು ಹಿಂದೆ ಕೂರಿಸಿಕೊಂಡು, ವರ್ಷಗಳಿಂದ ಬೈಕು ಮುಟ್ಟದ ನಾನೇ ಓಡಿಸಿದೆ. ತಾವು ಅವನನ್ನೂ ಅಭಿನಂದಿಸಿದಿರಿ. ಇಳಿದವನು ಬೈಕಿನ ಕೀಲಿಯನ್ನು ನನ್ನ ಕೈಯಿಂದ ಕಸಿದುಕೊಂಡು “ನಾಳಿಂದ ನಾನೂ ನಿಮ್ಮ ಜೋಡಿ ನಡೀತೀನ್ರಿ ಕಾಕಾ” ಎಂದ. ಇಂದು ಬೆಳಿಗ್ಗೆ ಇಬ್ಬರೂ ನಡೆದೆವು. ಬೆವರು ಬಂತು, ಏದುಸಿರು ಬಂತು. ಎದೆ ಎಷ್ಟು ಬಡಿಯಿತೋ ಗೊತ್ತಿಲ್ಲ. ತಮ್ಮನ್ನು ಮನೆಯ ಮೊಳೆಗೆ ನೇತುಹಾಕಿ ಹೋಗಿದ್ದೆ.