ಎಂಟರ್ ಕೀಲಿಯ ಗೈರುಹಾಜರಿ ಹಾಗೂ ಶಿರಹಟ್ಟಿ ಕೀಲಿಯ ನಿಯೋಜನೆ ಕುರಿತು

ಅರ್ಜಿ ವಿಲೇವಾರಿ ಇಲಾಖೆ, ಗದಗ-ಬೆಟಗೇರಿ
ಸಂಖ್ಯೆ: ಅವಿಇ/ಲ್ಯಾಪ್‌ಟಾಪ್/ಎಂಟರ್/1/2025-26

ವಿಷಯ: ಕಚೇರಿಯ ಏಕೈಕ ಲ್ಯಾಪ್‌ಟಾಪಿನ ಎಂಟರ್ ಕೀಲಿ ಕೆಲಸ ನಿಲ್ಲಿಸಿರುವ ಬಗ್ಗೆ.

ಉಲ್ಲೇಖ: ಅಡರಕಟ್ಟಿಯ ಶ್ರೀಮತಿ ಅಮೃತವ್ವನವರು ಏರುದನಿಯಲ್ಲಿ ಸಲ್ಲಿಸಿದ ಮೌಖಿಕ ಮನವಿ: “ನನ್ನ ಮೊಮ್ಮಗಳು ಕಾವೇರೀದು ಹಾಸ್ಟೆಲ್ ಅರ್ಜಿಗೆ ಇವತ್ತ ಕಡೀ ದಿನ ಐತ್ರಿ ಸಾಹೇಬ್ರ. ಒಂದ ಬಟನ್ ಒತ್ತಾಕ ಎಷ್ಟ ಮಂದಿ ಬೇಕ್ರಿ ನಿಮಗ?”

ಸದರಿ ಪ್ರಶ್ನೆಗೆ ‘ಹನ್ನೊಂದು’ ಎಂದು ಲಿಖಿತ ಉತ್ತರ ನೀಡಿ, ಮುಂದಿನಂತೆ ಆದೇಶಿಸಲಾಗಿದೆ.

1. ಕೆಲಸ ಮಾಡದ ಕೀಲಿಯನ್ನು ಮೊದಲು ಊದತಕ್ಕದ್ದು. ದ್ವಿತೀಯ ದರ್ಜೆ ಸಹಾಯಕರು ಒಮ್ಮೆ, ಪ್ರಥಮ ದರ್ಜೆಯವರು ಎರಡು ಬಾರಿ ಊದಲು ಅರ್ಹರು. ಅಧೀಕ್ಷಕರು ಊದಿದಾಗ ಕಪ್ಪತಗುಡ್ಡದ ಗಾಳಿಯಂತ್ರಗಳು ಗರಗರ ತಿರುಗಿದ್ದನ್ನು ಇಡೀ ಕಚೇರಿ ಕಂಡಿದೆ. ಕೀಲಿ ಮಾತ್ರ ಕದಲಿಲ್ಲ.

2. ಊದಿದರೂ ಮಣಿಯದ ಕೀಲಿಗೆ ಕಾರಣ ಕೇಳುವ ನೋಟಿಸನ್ನು ಅಂಟಿಸತಕ್ಕದ್ದು. ಅಂಟಿಸಲಾಗಿದೆ. ಗೋಂದು ಒಸರಿ, ಪಕ್ಕದ ಬ್ಯಾಕ್‌ಸ್ಪೇಸ್ ಕೂಡ ಬೆಂಬಲದ ಮುಷ್ಕರ ಹೂಡಿದೆ.

3. ಶಿರಹಟ್ಟಿ ಕಚೇರಿಯ ಎಂಟರ್ ಕೀಲಿಯ ಮುಚ್ಚಳವನ್ನು ಕಿತ್ತು, ನಿಯೋಜನೆಯ ಮೇರೆಗೆ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಕೊಟ್ಟು ಕರೆತರಲಾಯಿತು. ಅಲ್ಲಿ ಚೆನ್ನಾಗಿ ದುಡಿಯುತ್ತಿದ್ದ ಅದು ಇಲ್ಲಿಗೆ ಬಂದು ಹಳೆಯ ಕೀಲಿಯ ಮೇಲೇ ಕೂತೊಡನೆ ಕೆಲಸ ನಿಲ್ಲಿಸಿತು. ಈ ಕಚೇರಿಗೆ ಬಂದವರೆಲ್ಲ ಹೀಗೇ ಎಂಬ ಸಾರ್ವಜನಿಕ ಅಭಿಪ್ರಾಯವನ್ನು ಈ ಮೂಲಕ ಅಲ್ಲಗಳೆಯಲಾಗಿದೆ.

4. ಮುಂಡರಗಿ ಕಚೇರಿಯು ತನ್ನ ಇಡೀ ಲ್ಯಾಪ್‌ಟಾಪನ್ನೇ ಕೊಡಲು ಮುಂದಾಗಿತ್ತು. ಅಷ್ಟು ಸುಲಭದ ದಾರಿಗೆ ನಿಯಮದಲ್ಲಿ ಅವಕಾಶವಿಲ್ಲದ್ದರಿಂದ ತಿರಸ್ಕರಿಸಲಾಗಿದೆ.

5. ಈ ನಡುವೆ, ಕಚೇರಿ ಮುಚ್ಚುವ ಐದೂವರೆಗೆ ಹತ್ತು ನಿಮಿಷವಿರುವಾಗ ಅಮೃತವ್ವನವರು ಕೌಂಟರ್ ದಾಟಿ ಬಂದು, ಕೌದಿ ಹೊಲಿಯುವ ಸೂಜಿಯಿಂದ ಮುಚ್ಚಳ ಎಬ್ಬಿಸಿ, ಅದರಡಿಯಿಂದ ಸಿಬ್ಬಂದಿ ತಿಂದ ಗಿರ್ಮಿಟ್ಟಿನ ಚುರುಮುರಿ ಮತ್ತು ಈರುಳ್ಳಿ ಚೂರನ್ನು ಹೊರತೆಗೆದಿರುತ್ತಾರೆ. “ಉಳ್ಳಾಗಡ್ಡಿ ಹಾಕೀರಿ, ಲಿಂಬಿಹಣ್ಣ ಹಿಂಡೂದೊಂದ ಉಳದೈತಿ ನೋಡ್ರಿ” ಎಂದು ಅನಧಿಕೃತವಾಗಿ ನುಡಿದು, ಕೀಲಿ ಒತ್ತಿರುತ್ತಾರೆ. ಅರ್ಜಿ ಸ್ವೀಕೃತವಾಗಿದೆ.

6. ಅನುಮತಿಯಿಲ್ಲದೆ ಸರ್ಕಾರಿ ಕೀಲಿಯನ್ನು ಸರಿಪಡಿಸಿದ ಅಪರಾಧಕ್ಕಾಗಿ ಅಮೃತವ್ವನವರು ಎಲ್ಲ ತಾಲ್ಲೂಕು ಕಚೇರಿಗಳಿಗೂ ಸೂಜಿಸಮೇತ ಹಾಜರಾಗತಕ್ಕದ್ದು. “ಬೇಕಾದ್ರ ನೀವ ಬರ್ರಿ, ಪಾಳೇಕ ನಿಂದರ್ರಿ” ಎಂದು ಅವರು ತಿಳಿಸಿರುವುದರಿಂದ, ಅಧಿಕಾರಿಗಳು ಲ್ಯಾಪ್‌ಟಾಪ್ ಹೊತ್ತು ಅವರ ಮನೆ ಮುಂದೆ ಸರದಿಯಲ್ಲಿ ನಿಲ್ಲತಕ್ಕದ್ದು.

ಸಹಿ/-
ವಿರೂಪಾಕ್ಷಪ್ಪ
ಅಧೀಕ್ಷಕರು (ಊದುವಿಕೆ)

ಪ್ರತಿಗಳು:
1. ಮರ್ದಾನಸಾಬ, ಗಿರ್ಮಿಟ್ ಅಂಗಡಿ: ಸಾಕ್ಷ್ಯದ ಚುರುಮುರಿಯನ್ನು ಗುರುತಿಸಿಕೊಡಲು.
2. ಶಿರಹಟ್ಟಿ ಕಚೇರಿ: ಸೂಜಿ ತಾಗಿ ಕಡತಗಳ ನಡುವೆ ಸಿಡಿದುಹೋದ ತಮ್ಮ ಕೀಲಿ ಸಿಕ್ಕ ಕೂಡಲೇ ಮರಳಿಸಲಾಗುವುದು.
3. ಕುಮಾರಿ ಕಾವೇರಿ, ಹಾಸ್ಟೆಲ್: ಚೆನ್ನಾಗಿ ಓದಿ, ಮುಂದೆ ಈ ಇಲಾಖೆಗೆ ಸೇರದಿರುವಂತೆ ಅಜ್ಜಿಯ ಕೋರಿಕೆಯ ಮೇರೆಗೆ.