ಮಾವ ಹಸನು ಮಾಡಿಕೊಟ್ಟ ಹೃದಯ

ವಿಜ್ಞಾನಿ: ಮಾವ, ಇದರ ಕೊಬ್ಬೆಲ್ಲಿ?

ಮಾವ: ತೆಗೆದೆ.

ವಿಜ್ಞಾನಿ: ಒಳಗಿದ್ದ ಬಿಳೀ ನಾರು?

ಮಾವ: ಅದನ್ನೂ ತೆಗೆದೆ. ಒಂದೇ ಒಂದು ಎಳೆ ಉಳಿದಿದ್ರೆ ನಾಳೆಯಿಂದ ಮಾಂಸದಂಗಡಿ ಮುಚ್ತೀನಿ.

ವಿಜ್ಞಾನಿ: ಅಯ್ಯೋ, ನನ್ನ ತಲೆ ಮೇಲೆ ಚಪ್ಪಡಿ ಎಳೆದ್ಯಲ್ಲ ಮಾವ!

ಕಿಟಕಿಗೆ ಕಪ್ಪು ಪರದೆ ಬಿಟ್ಟ ಪ್ರಯೋಗಾಲಯ. ತಟ್ಟೆಯಲ್ಲಿ ಕುರಿಯ ಹೃದಯ, ತೊಳೆದು ಬಳಿದು ಮದುವೆಗೆ ಹೊರಟಂತಿತ್ತು. ಅದರ ಮೇಲೆ ನೇರಳೆ ಬೆಳಕು ಬಿಟ್ಟರೆ ಸ್ನಾಯು, ಕೊಬ್ಬು, ನಾರು ಒಂದೊಂದೂ ತನ್ನದೇ ಬಣ್ಣದಲ್ಲಿ ಮಿನುಗಬೇಕು. ಆಪರೇಷನ್ ಮಾಡುವವರಿಗೆ ಯಾವುದು ಯಾವುದೆಂದು ಕಣ್ಣಿಗೇ ತಿಳಿಯಬೇಕು. ಅದನ್ನು ನೋಡಲು ದೊಡ್ಡ ಮೇಡಂ ಈಗಲೋ ಆಗಲೋ ಬರುವವರಿದ್ದರು. ಒಪ್ಪಿದರೆ ಕೆಲಸ ಮುಂದುವರಿಯುತ್ತದೆ, ಇಲ್ಲದಿದ್ದರೆ ಇವತ್ತಿಗೇ ಮಂಗಳ. ಪಾಪ, ವಿಜ್ಞಾನಿ ಹುಡುಗಿ ಕಣ್ಣೊರೆಸಿಕೊಂಡಳು.

ಮಾವ: ಅಳಬೇಡ, ಬಿಡು ನಿನ್ನ ಬೆಳಕು.

ಬಿಟ್ಟಳು. ಇಡೀ ಹೃದಯ ಒಂದೇ ಬಣ್ಣ.

ಮಾವ: ನೋಡಿದ್ಯಾ? ಒಂದು ಕಲೆ ಇಲ್ಲ!

ವಿಜ್ಞಾನಿ: ಕಲೆ ಇರ್ಬೇಕಿತ್ತು ಮಾವ! ಎಲ್ಲಾ ಒಂದೇ ಬಣ್ಣ ಆದ್ರೆ, ಇದಕ್ಕೂ ಬಚ್ಚಲಮನೆ ಬಲ್ಬಿಗೂ ಏನು ವ್ಯತ್ಯಾಸ ಅಂತಾರೆ.

ಮಾವ: ಬೇರೆಯವರಿಗಾದ್ರೆ ಕೊಬ್ಬು, ನಾರು ಎಲ್ಲಾ ಸೇರಿಸೇ ತೂಗ್ತೀನಿ. ಅಕ್ಕನ ಮಗಳಲ್ವಾ ಅಂತ ಬೆಳಗ್ಗೆಯಿಂದ ಕೂತು ಹಸನು ಮಾಡ್ದೆ.

ವಿಜ್ಞಾನಿ: ನಾನು ಬೇರೆಯವಳಾಗಿ ಹುಟ್ಟಬಾರದಿತ್ತಾ!

ಮಾವ: ಒಳ್ಳೇದು ಮಾಡಿದ್ರೂ ಬೈಗುಳ. ಥೇಟ್ ಅಕ್ಕನ ಬುದ್ಧಿ!

ವಿಜ್ಞಾನಿ: ತೆಗೆದದ್ದನ್ನ ಎಲ್ಲಿ ಹಾಕ್ದೆ? ಅದನ್ನಾದ್ರೂ ಹೇಳು.

ಮಾವ: ಯಾರೋ ಕನ್ನಡಕದ ಹೆಂಗಸು, ನಾಯಿಗೆ ಬೇಕು ಅಂತ ಕಟ್ಟಿಸ್ಕೊಂಡು ಹೋದ್ರು. ಗಿರಾಕಿಗೆ ಇಲ್ಲ ಅನ್ನೋಕಾಗುತ್ತಾ?

ವಿಜ್ಞಾನಿ: ಅವರ ಮನೆ ಎಲ್ಲಿ? ಓಡ್ತೀನಿ!

ಓಡಬೇಕಾಗಲಿಲ್ಲ. ಬಾಗಿಲು ತೆರೆದು ದೊಡ್ಡ ಮೇಡಂ ಒಳಗೆ ಬಂದರು. ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ.

ಮಾವ: ಇವರೇ!

ದೊಡ್ಡ ಮೇಡಂ: ಅರೆ, ನೀವಿಲ್ಲಿ? ಏನಮ್ಮಾ, ಫ್ರಿಜ್ಜಲ್ಲಿ ಸ್ವಲ್ಪ ಜಾಗ ಇದ್ಯಾ? ನಮ್ಮ ನಾಯಿ ಊಟ...

ಮಾತು ಮುಗಿಯುವಷ್ಟರಲ್ಲಿ ಚೀಲ ಹುಡುಗಿಯ ಕೈಯಲ್ಲಿತ್ತು. ಹೃದಯದಿಂದ ಒಂದು ಚೂರು ಕತ್ತರಿಸಿ, ಚೀಲದಲ್ಲಿದ್ದದ್ದನ್ನು ಪಕ್ಕಕ್ಕೆ ಸುರಿದು, ಬೆಳಕು ಬಿಟ್ಟಳು. ಕೊಬ್ಬು ಹಳದಿಯಾಗಿ, ನಾರು ನೀಲಿಯಾಗಿ, ಸ್ನಾಯು ಮಂಕು ಹಸಿರಾಗಿ ಹೊಳೆದವು. ಹುಡುಗಿಗೆ ಹೋದ ಜೀವ ಬಂತು.

ದೊಡ್ಡ ಮೇಡಂ: ಸೊಗಸಾಗಿದೆ! ಮುಂದುವರಿಸಮ್ಮ. ಆದ್ರೆ ಮನೇಲಿ ನಾಯಿಗೆ ಏನು ಹೇಳ್ಲಿ?

ಮಾವ ಉಳಿದ ಹೃದಯವನ್ನು ಖಾಲಿ ಚೀಲಕ್ಕೆ ಹಾಕಿ, ಗಂಟು ಬಿಗಿದು, ಎರಡೂ ಕೈಯಲ್ಲಿ ಕೊಟ್ಟ.

ಮಾವ: ಅದಕ್ಕೂ ಒಬ್ಬ ಸೋದರಮಾವ ಸಿಕ್ಕಿದ ಅನ್ನಿ.