ಸಿಮೆಂಟು ಬರುವ ಮೊದಲೇ ಛಾವಣಿ ಹಾಕಿದ ತಂತ್ರಾಂಶ ಮಹಾಶಯರಿಗೆ

ಮಾನ್ಯರೇ,

ತಮಗೆ ಕೈ ಮುಗಿಯಬೇಕೋ ಬೆರಳು ಒತ್ತಬೇಕೋ ತಿಳಿಯದೆ ಎರಡನ್ನೂ ಮಾಡಿ ಈ ಪತ್ರ ಆರಂಭಿಸುತ್ತಿದ್ದೇನೆ. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ವಾರಕ್ಕೆರಡು ಸಲ ಇದ್ದಕ್ಕಿದ್ದಂತೆ ಕೆಲಸ ನಿಲ್ಲಿಸಿ, ನಮ್ಮನ್ನೆಲ್ಲ ಅರ್ಧ ಗಂಟೆ ಬಾಯಿ ಬಿಟ್ಟುಕೊಂಡು ಕೂರಿಸಿ, ತಮ್ಮ ಆರೋಗ್ಯವನ್ನು ತಾವೇ ಸುಧಾರಿಸಿಕೊಂಡು ಎದ್ದುಬರುವ ತಮ್ಮನ್ನು ನೋಡಿದ ಮೇಲೆ ಆ ವಿಷಯದಲ್ಲಿ ನನಗೆ ಚಿಂತೆಯಿಲ್ಲ.

ನಾನು ಯಾರೆಂದು ತಮಗೆ ಗೊತ್ತಿದ್ದರೂ ಗೊತ್ತಿಲ್ಲದಿದ್ದರೂ ಹೇಳಿಬಿಡುತ್ತೇನೆ. ಈ ಕಟ್ಟಡ ನಿರ್ಮಾಣ ಸಂಸ್ಥೆಯ ಉಗ್ರಾಣವನ್ನು ಹತ್ತೊಂಬತ್ತು ವರ್ಷಗಳಿಂದ ನೋಡಿಕೊಳ್ಳುತ್ತಿರುವ ಹೆಂಗಸು ನಾನು. ಸೈಟಿನವರು ನನ್ನನ್ನು ಬೀಗದಕ್ಕ ಎನ್ನುತ್ತಾರೆ, ತಾವು ‘ಬಳಕೆದಾರ ನಲವತ್ತೊಂದು’ ಎನ್ನುತ್ತೀರಿ. ಸಿಮೆಂಟು, ಕಬ್ಬಿಣ, ಮೊಳೆ, ಸಲಿಕೆ, ಛಾವಣಿಗೆ ಆಧಾರ ಕೊಡುವ ಉಕ್ಕಿನ ಜಾಕಿಗಳು, ಇವುಗಳಲ್ಲಿ ಯಾವುದು ಎಲ್ಲಿಗೆ ಹೋಯಿತು, ಎಂದು ಹೋಯಿತು, ಯಾರು ಒಯ್ದರು ಎಂದು ಉದ್ದನೆಯ ಪುಸ್ತಕವೊಂದರಲ್ಲಿ ಬರೆದಿಡುವುದು ನನ್ನ ಕೆಲಸ. ತಾವು ಬಂದ ದಿನ ಆ ಪುಸ್ತಕ ಇನ್ನು ಬೇಡವೆಂದು ನಮ್ಮ ಯಜಮಾನರ ಅಳಿಯಂದಿರು ಸಭೆಯಲ್ಲಿ ಘೋಷಿಸಿದರು. ತಮ್ಮನ್ನು ಕೊಂಡು ತಂದವರೂ ಅವರೇ ಆದ್ದರಿಂದ ನಾನು ತಲೆಯಾಡಿಸಿದೆ, ಪುಸ್ತಕವನ್ನು ಮಾತ್ರ ಬಿಡಲಿಲ್ಲ. ಈ ಅವಿಧೇಯತೆಗಾಗಿ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ.

ತಮ್ಮನ್ನು ಅರ್ಥ ಮಾಡಿಕೊಳ್ಳಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ತಮ್ಮ ಕಂಪನಿಯಿಂದ ಬಂದಿದ್ದ ಟೈ ಕಟ್ಟಿದ ಸಜ್ಜನರು ಎರಡು ದಿನ ನಮಗೆ ಪಾಠ ಹೇಳಿದರು. ತಮ್ಮೊಳಗೆ ಹಲವು ಕೋಣೆಗಳಿವೆಯಂತೆ: ಹಣಕಾಸಿಗೊಂದು, ಕಾಮಗಾರಿಗೊಂದು, ಉಗ್ರಾಣಕ್ಕೊಂದು, ಕೆಲಸಗಾರರಿಗೊಂದು. ಎಲ್ಲ ಕೋಣೆಗಳೂ ಒಂದರೊಡನೊಂದು ಸದಾ ಮಾತಾಡುತ್ತಿರುತ್ತವೆಯಂತೆ. ಮುಗಿದ ಕೆಲಸ ಹಸಿರು, ನಡೆಯುತ್ತಿರುವುದು ಹಳದಿ, ತಡವಾದದ್ದು ಕೆಂಪು. ನಾನು ಇಷ್ಟನ್ನೂ ಬರೆದುಕೊಂಡು, ಬಾಯಿಪಾಠ ಮಾಡಿ, ಕೊನೆಯಲ್ಲಿ ಒಂದೇ ಪ್ರಶ್ನೆ ಕೇಳಿದೆ: “ಅಲ್ಲಾ ಸರ್, ಕೋಣೆಗಳು ಮಾತಾಡ್ಕೊಳ್ಳೋದನ್ನ ಮರೆತ್ರೆ ಏನ್ಮಾಡೋದು?” ಅವರು ಮಗುವನ್ನು ನೋಡುವಂತೆ ನನ್ನನ್ನು ನೋಡಿ ನಕ್ಕರು. ಅಂಥ ಪ್ರಶ್ನೆ ಯಾವ ಊರಿನಲ್ಲೂ ಯಾರೂ ಕೇಳಿಲ್ಲವೆಂದರು. ನನಗೆ ಹೆಮ್ಮೆಯೇ ಆಯಿತು.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಸ್ಥೆ ಕಟ್ಟುತ್ತಿರುವ ಹೆರಿಗೆ ಆಸ್ಪತ್ರೆಯ ಮೊದಲ ಮಹಡಿಗೆ ಕಾಂಕ್ರೀಟು ಛಾವಣಿ ಹಾಕಿದ್ದು ಆರನೆಯ ತಿಂಗಳ ಐದನೆಯ ತಾರೀಖು. ಅಳಿಯಂದಿರು ಅದನ್ನು ತಾವು ಪರದೆಯಲ್ಲಿ ಕೊಟ್ಟ ತಾರೀಖಿನ ಚೌಕದಲ್ಲಿ ಎಲ್ಲರೂ ಬರೆಯುವ ಹಾಗೆ ಐದು, ಗೆರೆ, ಆರು ಎಂದು ಬರೆದರು. ತಾವು ತಿಂಗಳನ್ನು ಮೊದಲು ಓದುವ ದೊಡ್ಡ ಮನೆತನದವರಾದ್ದರಿಂದ ಅದನ್ನು ಐದನೆಯ ತಿಂಗಳ ಆರನೆಯ ತಾರೀಖೆಂದು ಓದಿಕೊಂಡಿರಿ. ಯಾರನ್ನೂ ಕೇಳಲಿಲ್ಲ. ದೊಡ್ಡವರು ಕೇಳುವುದೂ ಇಲ್ಲ. ಹೀಗೆ ನಮ್ಮ ಹಸಿ ಛಾವಣಿ ಒಂದೇ ಏಟಿಗೆ ಮೂವತ್ತು ದಿನ ದೊಡ್ಡದಾಯಿತು. ಎಲ್ಲ ತಾಯಂದಿರೂ ತಮ್ಮ ಕೂಸುಗಳ ವಿಷಯದಲ್ಲಿ ಇಂಥ ಬೆಳವಣಿಗೆಯನ್ನು ಬಯಸುತ್ತಾರೆ, ತಾವು ಮಾಡಿ ತೋರಿಸಿದಿರಿ.

ಹನ್ನೊಂದನೆಯ ತಾರೀಖು ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಪರದೆಯ ಮೇಲೆ ತಮ್ಮ ಅಪ್ಪಣೆ ಬಂತು. ಆಸ್ಪತ್ರೆಯ ಛಾವಣಿಗೆ ಮೂವತ್ತಾರು ದಿನ ತುಂಬಿದೆ, ಕೆಳಗಿನ ಜಾಕಿಗಳು ಸುಮ್ಮನೆ ನಿಂತಿವೆ, ಅವನ್ನು ಇಂದೇ ಬಿಚ್ಚಿಸಿ ಇನ್ನೊಂದು ಸೈಟಿಗೆ ಕಳಿಸಿದರೆ ಬಾಡಿಗೆ ಉಳಿಯುತ್ತದೆ, ಒಪ್ಪಿಗೆ ಒತ್ತಿ ಎಂದಿತ್ತು. ಕಾಂಕ್ರೀಟು ಗಟ್ಟಿಯಾಗಿ ತನ್ನ ಭಾರ ತಾನೇ ಹೊರಲು ಇಪ್ಪತ್ತೆಂಟು ದಿನ ಬೇಕು, ನಾನು ಪುಸ್ತಕ ತೆಗೆದೆ. ಆ ಛಾವಣಿಗೆಂದು ಸಿಮೆಂಟು ಹೊರಟದ್ದು ನಾಲ್ಕನೆಯ ತಾರೀಖು, ನಾನೇ ನಿಂತು ನಾನೂರ ಇಪ್ಪತ್ತು ಚೀಲ ಎಣಿಸಿ ಲಾರಿ ಹತ್ತಿಸಿದ್ದೆ. ಆ ಲೆಕ್ಕ ತಮ್ಮದೇ ಉಗ್ರಾಣದ ಕೋಣೆಯಲ್ಲಿಯೂ ಇತ್ತು. ಸಿಮೆಂಟು ಬರುವ ಇಪ್ಪತ್ತೊಂಬತ್ತು ದಿನ ಮೊದಲೇ ಛಾವಣಿ ಹಾಕಿ ಮುಗಿಸಿದ ಕಟ್ಟಡ ನಿರ್ಮಾತೃ ಭೂಮಿಯ ಮೇಲೆ ತಾವೊಬ್ಬರೇ ಇರಬೇಕು. ಪಕ್ಕದ ಕೋಣೆಯವರು ತಮಗೆ ಒಂದು ಮಾತು ಹೇಳಬಾರದಿತ್ತೇ? ಬಹುಶಃ ಅಂದು ಮುನಿಸಿಕೊಂಡಿದ್ದರೇನೋ.

ನಾನು ‘ಇಲ್ಲ’ ಎಂದು ಒತ್ತಿದೆ. ತಾವು ಕಾರಣ ಕೇಳಿದಿರಿ. ಮಳೆ, ಮುಷ್ಕರ, ರಜೆ, ವಾಹನ ದುರಸ್ತಿ, ಇತರೆ ಎಂದು ಐದು ಕಾರಣಗಳನ್ನೂ ತಾವೇ ಒದಗಿಸಿದಿರಿ. ನಾನು ‘ಇತರೆ’ ಆರಿಸಿ “ಛಾವಣಿ ಬೀಳುತ್ತದೆ” ಎಂದು ಬರೆದೆ. ಕಾರಣ ಐವತ್ತು ಅಕ್ಷರಕ್ಕಿಂತ ಕಡಿಮೆ ಇರಬಾರದೆಂದು ತಾವು ತಿದ್ದಿದಿರಿ. ಛಾವಣಿ ಬೀಳುವುದನ್ನು ಹೇಳುವುದಕ್ಕೆ ಐವತ್ತು ಅಕ್ಷರ ಬೇಕೆಂದು ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲವಾದ್ದರಿಂದ “ಛಾವಣಿ ಹಾಕಿ ಆರೇ ದಿನವಾಗಿದೆ, ಕೆಳಗೆ ಜನ ಇದ್ದಾರೆ, ದಮ್ಮಯ್ಯ, ಜಾಕಿ ಮುಟ್ಟಿಸಬೇಡಿ, ಛಾವಣಿ ಅವರ ತಲೆಯ ಮೇಲೆ ಬೀಳುತ್ತದೆ” ಎಂದು ಉದ್ದ ಮಾಡಿದೆ. ತಾವು ಸಂತೋಷಪಟ್ಟು ನನ್ನ ಮನವಿಯನ್ನು ಮೂರು ಕೆಲಸದ ದಿನಗಳೊಳಗೆ ಪರಿಶೀಲಿಸುವುದಾಗಿ ಮಾತು ಕೊಟ್ಟಿರಿ. ನಾನು ತಕ್ಷಣ ಅಳಿಯಂದಿರಿಗೆ ಫೋನು ಮಾಡಿದೆ, ಅವರು ತಂತ್ರಾಂಶರಾದ ತಮ್ಮನ್ನೇ ಇನ್ನೊಂದು ಸಂಸ್ಥೆಯವರಿಗೆ ತೋರಿಸಿ ಹೊಗಳುವ ಸಭೆಯಲ್ಲಿದ್ದುದರಿಂದ ಎತ್ತಲಿಲ್ಲ. ಯಜಮಾನರಿಗೆ ಮಾಡಿದೆ, ಅವರು ಕಣ್ಣಿನ ಡಾಕ್ಟರ ಹತ್ತಿರ ಕೂತಿದ್ದರು. “ನಾನು ನೇರವಾಗಿ ಸೈಟಿಗೇ ಬರ್ತೀನಿ, ನೀವೂ ಹೊರಡಿ” ಎಂದರು. ಆಸ್ಪತ್ರೆಯ ಮೇಸ್ತ್ರಿಗೆ ಮಾಡಿದೆ, ಆ ಮನುಷ್ಯ ಫೋನನ್ನು ಊಟದ ಚೀಲದಲ್ಲಿಟ್ಟು ಕೆಲಸ ಮಾಡುವವರು. ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ಉಗ್ರಾಣಕ್ಕೆ ಬೀಗ ಜಡಿದು, ಸಿಕ್ಕ ಆಟೋ ಹತ್ತಿದೆ.

ದಾರಿಯಲ್ಲಿದ್ದಾಗಲೇ ಫೋನಿಗೆ ಬಂದ ಸಂದೇಶದಿಂದ ತಮ್ಮ ಇನ್ನೊಂದು ಗುಣದ ಪರಿಚಯವಾಯಿತು. ಒಪ್ಪಿಗೆ ಕೊಡಬೇಕಾದವರು ಒಂದು ಗಂಟೆಯೊಳಗೆ ಕೊಡದಿದ್ದರೆ ಕೆಲಸ ನಿಲ್ಲಬಾರದೆಂಬ ಕಾಳಜಿಯಿಂದ ಅವರ ಪರವಾಗಿ ತಾವೇ ಒಪ್ಪಿಬಿಡುತ್ತೀರಿ. ನನ್ನ ‘ಇಲ್ಲ’ ಪರಿಶೀಲನೆಯಲ್ಲಿದ್ದುದರಿಂದ ಅದು ‘ಇಲ್ಲ’ ಅಲ್ಲ, ಬರೀ ಮೌನ. ಹನ್ನೊಂದು ಗಂಟೆಗೆ ನನ್ನ ಹೆಸರಿನಲ್ಲಿ ಒಪ್ಪಿಗೆ ಹೋಯಿತು, ಜಾಕಿ ಬಿಚ್ಚುವ ತಂಡಕ್ಕೂ ಲಾರಿಯ ಚಾಲಕನಿಗೂ ಸಂದೇಶ ಹೋಯಿತು. ಮಾನ್ಯರೇ, ಮೂವತ್ತು ವರ್ಷ ಸಂಸಾರ ಮಾಡಿದ ನನ್ನ ಗಂಡನೂ ಇಷ್ಟು ಧೈರ್ಯವಾಗಿ ನನ್ನ ಪರವಾಗಿ ಹೂಂ ಅಂದಿಲ್ಲ.

ನಾನು ಸೈಟು ಮುಟ್ಟುವ ಹೊತ್ತಿಗೆ ಲಾರಿ ಬಾಗಿಲು ತೆರೆದು ನಿಂತಿತ್ತು. ಮೂಲೆಯ ಮೂರು ಜಾಕಿಗಳನ್ನು ಆಗಲೇ ಬಿಚ್ಚಿ ನೆಲಕ್ಕೆ ಮಲಗಿಸಿದ್ದರು. ಆಚೆ ಕೋಣೆಯಲ್ಲಿ ಎಂಟು ಮಂದಿ ಅದೇ ಛಾವಣಿಯ ಕೆಳಗೆ ನೀರಿನ ಪೈಪು ಕೂರಿಸುತ್ತ ಏನೋ ತಮಾಷೆ ಮಾಡಿಕೊಂಡು ನಗುತ್ತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೇಲಿಂದ ಮೇಸ್ತ್ರಿ ಇಳಿದು ಬಂದರು. ಛಾವಣಿಗೆ ಕಟ್ಟಿದ್ದ ನೀರು ನೋಡಲು ಹೋಗಿದ್ದವರು ಅವರು, ಪಂಚೆ ಮೊಣಕಾಲಿನವರೆಗೆ ಒದ್ದೆ. ಅರವತ್ತೆರಡು ವರ್ಷದ ಆ ಮನುಷ್ಯನ ಜೇಬಿನಲ್ಲಿ ಗೋಡೆಯ ನೇರ ನೋಡುವ ಹಿತ್ತಾಳೆ ಗುಂಡು ಸದಾ ಇರುವುದರಿಂದ ಎಲ್ಲರೂ ಗುಂಡು ಮೇಸ್ತ್ರಿ ಎನ್ನುತ್ತಾರೆ. ಬಂದವರೇ ಪೈಪಿನವರನ್ನು ಹೊರಗೆ ಅಟ್ಟಿದರು. ಆಮೇಲೆ ಒಂದು ಖಾಲಿ ಬಣ್ಣದ ಡಬ್ಬ ಮಗುಚಿ, ನಾಲ್ಕನೆಯ ಜಾಕಿಯನ್ನು ಎರಡು ಕಾಲ ನಡುವೆ ಹಿಡಿದು, ಅದರ ಬುಡದಲ್ಲೇ ಕೂತುಬಿಟ್ಟರು.

“ಮೊದ್ಲು ನನ್ನ ಬಿಚ್ಚಿ, ಆಮೇಲೆ ಇದನ್ನ ಬಿಚ್ಚಿ” ಎಂದರು.

ತಂಡದವರು ಫೋನು ತೋರಿಸಿದರು. ಲಾರಿಯವನು ಬಾಡಿಗೆ ಯಾರು ಕೊಡುತ್ತಾರೆಂದ. ಅಷ್ಟರಲ್ಲಿ ಅಳಿಯಂದಿರು ಸಭೆ ಮುಗಿಸಿ ಬಂದು ಹೊಸಿಲ ಆಚೆಯೇ ನಿಂತು, “ಮೇಸ್ತ್ರೀ, ಸಿಸ್ಟಂನಲ್ಲಿ ಹಸಿರು ಬಂದಿದೆ, ಹಟ ಮಾಡ್ಬೇಡಿ, ಕಂಪ್ಯೂಟರು ಸುಳ್ಳು ಹೇಳಲ್ಲ” ಎಂದರು. ಮೇಸ್ತ್ರಿ ಕೂತಲ್ಲಿಂದಲೇ, “ಹಂಗಾದ್ರೆ ಅದನ್ನೂ ಕರ್ಕೊಂಬನ್ನಿ ಸ್ವಾಮಿ, ಇಲ್ಲೇ ಪಕ್ಕದಲ್ಲಿ ಕೂತ್ಕೊಳ್ಳಲಿ, ಡಬ್ಬ ಇನ್ನೊಂದಿದೆ” ಎಂದರು. ಮಾನ್ಯರೇ, ಅಂದು ತಮಗೆ ಬಂದ ಈ ಆಹ್ವಾನವನ್ನು ತಾವು ಇಂದಿನವರೆಗೂ ಸ್ವೀಕರಿಸಿಲ್ಲವೆಂಬುದನ್ನು ವಿನಯಪೂರ್ವಕವಾಗಿ ನೆನಪಿಸುತ್ತೇನೆ.

ಯಜಮಾನರು ಬಂದಾಗ ಅವರ ಕಣ್ಣಿಗೆ ಔಷಧಿ ಬಿಟ್ಟಿದ್ದರಿಂದ ಪರದೆಯೂ ಕಾಣುತ್ತಿರಲಿಲ್ಲ, ಛಾವಣಿಯೂ ಕಾಣುತ್ತಿರಲಿಲ್ಲ. ಅದೇ ಒಳ್ಳೆಯದಾಯಿತೇನೋ. ಅವರು ನನ್ನ ಕಡೆ ತಿರುಗಿ, “ನೀವು ಹೇಳೀಮ್ಮಾ, ಈ ಛಾವಣಿ ಸಿಮೆಂಟು ಯಾವತ್ತು ಹೋಯ್ತು?” ಎಂದು ಕೇಳಿದರು. ನಾನು ಪುಸ್ತಕ ಬಿಚ್ಚಿ ಗಟ್ಟಿಯಾಗಿ ಓದಿದೆ: ನಾಲ್ಕನೆಯ ತಾರೀಖು, ನಾನೂರ ಇಪ್ಪತ್ತು ಚೀಲ, ಲಾರಿಯ ನಂಬರು, ಪಡೆದವರ ಹೆಬ್ಬೆಟ್ಟು ಗುಂಡು ಮೇಸ್ತ್ರಿಯದು. ಯಜಮಾನರು ತಡವರಿಸಿಕೊಂಡು ಒಳಗೆ ನಡೆದು, ಬಗ್ಗಿ, ನೆಲದ ಮೇಲಿದ್ದ ಜಾಕಿಯೊಂದನ್ನು ತಾವೇ ಎತ್ತಿ ನಿಲ್ಲಿಸಲು ಹೋದರು.  ಆಗ ಅಳಿಯಂದಿರು ಕೈಯಲ್ಲಿದ್ದ ಟ್ಯಾಬ್ಲೆಟ್ಟನ್ನು ಮರಳಿನ ಮೇಲೆ ಬಿಟ್ಟು ಓಡಿಬಂದು ಮಾವನ ಕೈಯಿಂದ ಜಾಕಿ ತೆಗೆದುಕೊಂಡರು. ಮೂರೂ ಜಾಕಿಗಳು ಮತ್ತೆ ನಿಂತ ಮೇಲೆ ಮೇಸ್ತ್ರಿ ಡಬ್ಬದಿಂದ ಏಳಲು ನೋಡಿದರು, ಕಾಲು ನಡುಗುತ್ತಿದ್ದುದರಿಂದ ಆಗಲಿಲ್ಲ. ಅಷ್ಟು ಹೊತ್ತೂ ಅವರಿಗೆ ಹೆದರಿಕೆಯಾಗಿತ್ತೆಂದು ನಮಗೆ ಗೊತ್ತಾದದ್ದು ಆಗಲೇ.

ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಂದಿತ್ತು. ಎಂಜಿನಿಯರು ಬಂದು ಬಡಿದು, ಕಿವಿಗೊಟ್ಟು, ತೂಕ ಹೇರಿ ಪರೀಕ್ಷೆ ಮಾಡಿ, ಇನ್ನೊಂದು ಗಂಟೆ ಹೋಗಿದ್ದರೆ ಹೇಳಲಾಗುತ್ತಿರಲಿಲ್ಲ, ಈಗ ಭಯವಿಲ್ಲ ಎಂದು ಬರೆದುಕೊಟ್ಟರು. ಜಾಕಿಗಳನ್ನು ಇಪ್ಪತ್ತೆಂಟನೆಯ ದಿನ ಬಿಚ್ಚಿದೆವು. ಛಾವಣಿ ಅಲ್ಲಿಯೇ ನಿಂತಿದೆ.

ಕತೆ ಇಲ್ಲಿಗೆ ಮುಗಿಯಬೇಕಿತ್ತು, ಆದರೆ ತಾವು ಬಿಡುವವರಲ್ಲ. ಮರುದಿನ ತಮ್ಮ ಕೆಲಸಗಾರರ ಕೋಣೆಯಲ್ಲಿ ಗುಂಡು ಮೇಸ್ತ್ರಿಯ ಹೆಸರು ಕೆಂಪಗಾಗಿತ್ತು. ‘ಇಪ್ಪತ್ತೆರಡು ದಿನಗಳ ವಿಳಂಬಕ್ಕೆ ಕಾರಣ: ಮೇಸ್ತ್ರಿ. ಮುಂದಿನ ಕಾಮಗಾರಿಗೆ ನೇಮಿಸಲು ಅರ್ಹರಲ್ಲ.’ ತಾರೀಖನ್ನು ತಿದ್ದಿದರೂ ಕೆಂಪು ಹೋಗಲಿಲ್ಲ. ಅಳಿಯಂದಿರೇ (ಅವರು ಬದಲಾಗಿದ್ದಾರೆ, ಈಗ ತಿಂಗಳಿನ ಹೆಸರನ್ನು ಅಕ್ಷರದಲ್ಲೇ ಬರೆಯುತ್ತಾರೆ) ತಮ್ಮ ಕಂಪನಿಗೆ ನಾಲ್ಕು ಸಲ ಫೋನು ಮಾಡಿದರು. ಮೇಸ್ತ್ರಿ ತಮ್ಮ ತಪ್ಪನ್ನು ಒಪ್ಪಿಕೊಂಡು, ಇನ್ನು ಮುಂದೆ ಸೂಚನೆ ಪಾಲಿಸುವುದಾಗಿ ಒಂದು ನಮೂನೆಗೆ ಹೆಬ್ಬೆಟ್ಟು ಒತ್ತಿದರೆ ಮಾತ್ರ ಬಣ್ಣ ಬದಲಾಗುವುದೆಂದು ಅಲ್ಲಿಂದ ಉತ್ತರ ಬಂತು. ನಾನು ಆ ನಮೂನೆಯನ್ನು ಮೇಸ್ತ್ರಿಗೆ ಓದಿ ಹೇಳಿದೆ. ಅವರು “ಕೆಂಪೇ ಇರ್ಲಿ ಬಿಡಕ್ಕಾ, ನನಗೆ ಆ ಬಣ್ಣ ಒಪ್ಪುತ್ತೆ” ಎಂದರು. ಅಂದದ್ದು ನಗುತ್ತಲೇ, ಆದರೆ ನಲವತ್ತು ವರ್ಷ ಕಟ್ಟಡ ಕಟ್ಟಿದವರ ನಗು ಹಾಗಿರುವುದಿಲ್ಲ. 

ಆದ್ದರಿಂದ ಕೆಲವು ಸಣ್ಣ ಕೋರಿಕೆಗಳು. ತಾವು ದಯವಿಟ್ಟು ಒಂದು ಕುತ್ತಿಗೆಯನ್ನು ಬೆಳೆಸಿಕೊಳ್ಳಿ, ಆಗಾಗ ತಲೆಯೆತ್ತಿ ಮೇಲೆ ಏನಿದೆಯೆಂದು ನೋಡಲು ಅನುಕೂಲವಾಗುತ್ತದೆ. ಸಾಧ್ಯವಾದರೆ ಎರಡು ಮೊಣಕಾಲುಗಳನ್ನೂ ಬೆಳೆಸಿಕೊಳ್ಳಿ, ಹೆದರಿದಾಗ ನಡುಗಲು ಬೇಕಾಗುತ್ತವೆ. ಇವೆರಡೂ ಮುಂದಿನ ಸುಧಾರಣೆಯಲ್ಲಿ ಬರುವುದಿಲ್ಲವಾದರೆ, ‘ಇಲ್ಲ’ ಎಂದವರ ‘ಇಲ್ಲ’ವನ್ನು ‘ಇಲ್ಲ’ ಎಂದೇ ಓದುವ ಅಕ್ಷರಾಭ್ಯಾಸವನ್ನಾದರೂ ಮಾಡಿಕೊಳ್ಳಿ.

ಯಜಮಾನರು ಮುಂದಿನ ಶಾಲಾ ಕಟ್ಟಡದ ಕೆಲಸವನ್ನು ಗುಂಡು ಮೇಸ್ತ್ರಿಗೇ ಒಪ್ಪಿಸಿ ಕಾಗದದ ಮೇಲೆ ಕೈಯಾರೆ ಬರೆದುಕೊಟ್ಟಿದ್ದಾರೆ. ತಮ್ಮ ಲೆಕ್ಕದಲ್ಲಿ ಅಲ್ಲಿಗೆ ಮೇಸ್ತ್ರಿಯೇ ಇಲ್ಲ, ಆದರೂ ಗೋಡೆಗಳು ಕಿಟಕಿಯ ಮಟ್ಟಕ್ಕೆ ಬಂದಿವೆ. ತಾವು ಇದನ್ನು ಪವಾಡವೆಂದು ದಾಖಲಿಸಿಕೊಳ್ಳಬಹುದು. ನಮ್ಮ ಕಡೆಯಿಂದ ಆಕ್ಷೇಪಣೆಯಿಲ್ಲ.

ತಾವು ಕೇಳದೆಯೇ ತಮ್ಮ ಪರವಾಗಿ ಏನನ್ನೂ ಒಪ್ಪದ,
ತಮ್ಮ ವಿಶ್ವಾಸಿ,
ಬಳಕೆದಾರ ನಲವತ್ತೊಂದು

ಮರೆತ ಮಾತು: ನಿನ್ನೆ ತಮ್ಮಿಂದ ನನಗೊಂದು ಪ್ರಶಸ್ತಿಪತ್ರ ಬಂದಿದೆ. ಆ ತಿಂಗಳಲ್ಲಿ ಇಡೀ ಸಂಸ್ಥೆಯಲ್ಲಿ ಅತಿ ಹೆಚ್ಚು ಬಾಡಿಗೆ ಉಳಿಸಬಲ್ಲ ಒಪ್ಪಿಗೆಯನ್ನು ಕೊಟ್ಟವಳು ನಾನಂತೆ, ಹನ್ನೊಂದನೆಯ ತಾರೀಖು, ಸರಿಯಾಗಿ ಹನ್ನೊಂದು ಗಂಟೆಗೆ. ಅದನ್ನು ನನ್ನ ಹೆಸರಿಗೆ ಬರೆದುಕೊಂಡ ತಮ್ಮ ಔದಾರ್ಯಕ್ಕೆ ವಂದನೆಗಳು. ಆ ಛಾವಣಿ ಬಿದ್ದಿದ್ದರೆ ಪೊಲೀಸರಿಗೂ ಇದೇ ಹೆಸರನ್ನು ಕೊಡುತ್ತಿದ್ದಿರಿ ಎಂಬುದನ್ನು ಓದಿದ ಕೂಡಲೇ ತಿಳಿದುಕೊಂಡೆ. ತಮ್ಮನ್ನು ಅರ್ಥ ಮಾಡಿಕೊಳ್ಳುವ ನನ್ನ ಪಾಠ ಅಲ್ಲಿಗೆ ಪೂರ್ತಿಯಾಯಿತು.